ಏನೋ ಸುಮಾರಾಗಿ ಆಡ್ತಾಳೆ

ನನ್ನ ಕೆಲಸ ಹೋದದ್ದು ಒಂದು ಶುಕ್ರವಾರ. ಆ ರಿಸೆಷನ್ನಿನಲ್ಲಿ ಡೆಟ್ರಾಯಿಟ್ ಸುತ್ತಮುತ್ತ ಕೆಲಸ ಉಳಿದವರನ್ನು ಹುಡುಕಬೇಕಿತ್ತು. ಸೌತ್‌ಫೀಲ್ಡಿನ ನಮ್ಮ ಆಫೀಸಿನಲ್ಲಿ ಕಾರು ಕಂಪನಿಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದ ಇಡೀ ಮಹಡಿ ಒಂದೇ ದಿನಕ್ಕೆ ಖಾಲಿಯಾಯಿತು. ನನಗಿಂತ ಹತ್ತು ವರ್ಷ ಚಿಕ್ಕವನೊಬ್ಬ ಕೈಗೆ ರಟ್ಟಿನ ಡಬ್ಬ ಕೊಟ್ಟು, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ ಎಂದ. ನಾನು ಅವನಿಗೆ ಥ್ಯಾಂಕ್ಸ್ ಹೇಳಿ ಬಂದೆ.

ಮಗಳು ಆಗ ಹೈಸ್ಕೂಲಿನ ಮೂರನೆಯ ವರ್ಷದಲ್ಲಿದ್ದಳು. ವಾಲಿಬಾಲ್ ಆಡುತ್ತಿದ್ದಳು. ಐದಡಿ ಎರಡಿಂಚಿನ ಹುಡುಗಿ ನೆಟ್ಟಿನ ಹತ್ತಿರ ನಿಂತು ಮಾಡುವುದೇನೂ ಇಲ್ಲ. ಅವಳದು ಲಿಬೆರೋ ಜಾಗ. ತಂಡದವರೆಲ್ಲರದೂ ಒಂದು ಬಣ್ಣದ ಜೆರ್ಸಿಯಾದರೆ ಅವಳದು ಮಾತ್ರ ಬೇರೆ ಬಣ್ಣ, ಹಿಂದಿನ ಸಾಲು ಬಿಟ್ಟು ಮುಂದೆ ಬರುವ ಹಾಗಿಲ್ಲ. ಎದುರಿನವರು ಹೊಡೆದ ಚೆಂಡು ನೆಲ ಮುಟ್ಟದ ಹಾಗೆ ಮೈಚೆಲ್ಲಿ ಎತ್ತುವುದೇ ಕೆಲಸ. ಮೈಸೂರಿನಲ್ಲಿ ಹಾಸ್ಟೆಲಿನ ಮುಂದಿನ ಮಣ್ಣಿನ ಕೋರ್ಟಿನಲ್ಲಿ ನಾಲ್ಕು ವರ್ಷ ಮೊಣಕೈ ತರಚಿಸಿಕೊಂಡವನು ನಾನು. ಅವಳು ಎತ್ತುತ್ತಿದ್ದ ಚೆಂಡುಗಳನ್ನು ಎತ್ತುವುದು ಎಂಥ ಕಷ್ಟ ಎಂದು ಆ ಜಿಮ್ಮಿನಲ್ಲಿ ಕೂತ ಅಪ್ಪಂದಿರಲ್ಲಿ ನನಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ.

ಕಾಲೇಜು ತಂಡಕ್ಕೆ ಸೇರಬೇಕೆಂದರೆ ಯಾರೋ ಬಂದು ಕರೆಯಲಿ ಎಂದು ಕಾಯಬಾರದು, ನಾವೇ ಕೋಚುಗಳಿಗೆ ಬರೆಯಬೇಕು, ಆಟದ ವಿಡಿಯೋ ಕಳಿಸಬೇಕು ಎಂದು ಅವಳ ಸ್ಕೂಲಿನಲ್ಲಿ ಹೇಳಿದರು. ನನಗೆ ಬೇರೆ ಕೆಲಸವಿರಲಿಲ್ಲ. ಆಫೀಸಿನ ಪ್ರಾಜೆಕ್ಟಿನಂತೆ ಇದನ್ನೇ ಮೈಮೇಲೆ ಹಾಕಿಕೊಂಡೆ. ಕಾಲೇಜುಗಳ ಪಟ್ಟಿ ಮಾಡಿದೆ. ಯಾವ ತಂಡದ ಲಿಬೆರೋ ಯಾವ ವರ್ಷ ಮುಗಿಸಿ ಹೋಗುತ್ತಾಳೆ ಎಂದು ಹುಡುಕಿ ಬರೆದಿಟ್ಟೆ. ಪ್ರತಿ ಮ್ಯಾಚಿಗೂ ಕ್ಯಾಮೆರಾ ಹಿಡಿದು ಮೇಲಿನ ಬೆಂಚಿನಲ್ಲಿ ಕೂತೆ.

ಕೋಚುಗಳು ಮೂರು ನಿಮಿಷಕ್ಕಿಂತ ಹೆಚ್ಚು ನೋಡುವುದಿಲ್ಲವಂತೆ. ಒಳ್ಳೆಯದನ್ನೆಲ್ಲ ಮೊದಲಿಗೆ ತಂದು ಜೋಡಿಸಿದೆ. ಜೋಡಿಸುವಾಗ ಒಂದು ತೊಂದರೆ ಕಂಡಿತು. ಅವಳು ಒಳ್ಳೆಯ ಚೆಂಡು ಎತ್ತಿದಾಗಲೆಲ್ಲ ಕ್ಯಾಮೆರಾದ ಹಿಂದಿನಿಂದ ಒಬ್ಬ ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದ. "ಶಭಾಷ್ ಪುಟ್ಟಿ! ನನ್ನ ಚಿನ್ನ! ಇವಳ ಥರ ಯಾರಾದ್ರೂ ಎತ್ತಲಿ ನೋಡೋಣ!" ಅದು ನಾನೇ. ಜಿಮ್ಮಿನ ಗದ್ದಲದಲ್ಲಿ ಕೆಳಗೆ ಕೋರ್ಟಿನಲ್ಲಿದ್ದ ಅವಳಿಗೆ ಅದು ಕೇಳಿಸಿರಲಿಕ್ಕಿಲ್ಲ. ನನಗೆ ನಾಚಿಕೆಯಾಯಿತು. ಕೋಚುಗಳು ನಗುತ್ತಾರೆ ಎನ್ನುವುದು ಒಂದು, ಮಗಳು ಕೇಳಿದರೆ ತಲೆ ತಿರುಗೀತು ಎನ್ನುವುದು ಇನ್ನೊಂದು. ಧ್ವನಿ ಪೂರ್ತಿ ತೆಗೆದು ಕಳಿಸಿದೆ.

ಕೆಲಸ ಕಳೆದುಕೊಂಡವರಿಗೆ ಆಗ ಒಂದು ಉಚಿತ ಕ್ಲಾಸು ನಡೆಯುತ್ತಿತ್ತು. ಇಂಟರ್‌ವ್ಯೂಗಳಲ್ಲಿ ನಿಮ್ಮನ್ನು ನೀವೇ ಹೊಗಳಿಕೊಳ್ಳಿ, 'ನಾವು ಮಾಡಿದೆವು' ಎನ್ನಬೇಡಿ, 'ನಾನು ಮಾಡಿದೆ' ಎನ್ನಿ ಎಂದು ಒಬ್ಬಾಕೆ ಹೇಳಿಕೊಡುತ್ತಿದ್ದಳು. ನನ್ನ ಬಾಯಲ್ಲಿ ಅದು ಹೊರಡಲೇ ಇಲ್ಲ. ಅಲ್ಲಿ ಕಲಿಯಲಾಗದ್ದನ್ನು ಮನೆಗೆ ತಂದು ಮಗಳಿಗೆ ಕಲಿಸಿದೆ. ಅಡುಗೆಮನೆಯ ಟೇಬಲ್ಲಿನ ಆ ಕಡೆ ನಾನೇ ಕೋಚಾಗಿ ಕೂರುತ್ತಿದ್ದೆ. ನಿನ್ನಲ್ಲಿ ಏನು ವಿಶೇಷ ಎಂದು ಕೇಳಿದರೆ ಅವಳು ತಲೆ ತಗ್ಗಿಸಿ, "ಐ ಗೆಸ್ ಐಯಾಮ್ ಓಕೆ" ಎನ್ನುತ್ತಿದ್ದಳು.

"ಓಕೆ ಅಂದ್ರೆ ಯಾರು ತಗೋತಾರೆ ನಿನ್ನ? ಕಣ್ಣಲ್ಲಿ ಕಣ್ಣಿಟ್ಟು ಹೇಳು" ಎಂದು ರೇಗುತ್ತಿದ್ದೆ.

ಮೂರು ತಿಂಗಳಿಗೆ ಕಲಿತಳು. ಅವಳು ಬೆನ್ನು ನೆಟ್ಟಗೆ ಮಾಡಿ ಹೇಳುವುದನ್ನು ನೋಡಿ ನನಗೆ ಒಳಗೊಳಗೇ ಕುಣಿಯಬೇಕೆನ್ನಿಸಿತು. ಕುಣಿಯಲಿಲ್ಲ. "ಪರವಾಗಿಲ್ಲ" ಎಂದೆ.

ವಸಂತದಲ್ಲಿ ಶಿಕಾಗೋ ಹತ್ತಿರದ ಹಾಫ್‌ಮನ್ ಎಸ್ಟೇಟ್ಸಿನಲ್ಲಿ ಟೂರ್ನಮೆಂಟು. ಐದು ತಾಸು ಡ್ರೈವ್ ಮಾಡಿಕೊಂಡು ಹೋದೆವು. ಅಲ್ಲಿ ಇವಳ ಆಟ ನೋಡಿದ ಒಬ್ಬ ಕೋಚಮ್ಮ, ಶಿಕಾಗೋದಿಂದ ಆಚೆಗಿನ ಕಾಲೇಜಿನವಳು, ಅಂದಿನಿಂದ ಪತ್ರ ಬರೆಯತೊಡಗಿದಳು. ಮುಂದಿನ ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ ಮನೆಗೇ ಬರುತ್ತೇನೆಂದಳು. ಅವಳ ತಂಡದಲ್ಲಿ ಲಿಬೆರೋಗೆ ಇದ್ದದ್ದು ಒಂದೇ ಜಾಗ, ಅದಕ್ಕೆ ಸ್ಕಾಲರ್‌ಶಿಪ್ ಉಂಟು. ಕೊನೆಗೆ ಉಳಿದದ್ದು ಇಬ್ಬರು ಹುಡುಗಿಯರು, ಅದರಲ್ಲಿ ನನ್ನ ಮಗಳೊಬ್ಬಳು. ನಾನಿದ್ದ ಸ್ಥಿತಿಯಲ್ಲಿ ಆ ಸ್ಕಾಲರ್‌ಶಿಪ್ ಇಲ್ಲದೆ ಅವಳು ಆ ಕಾಲೇಜಿಗೆ ಹೋಗುವ ಮಾತೇ ಇರಲಿಲ್ಲ. ಅವಳಾಗಲೇ ಆ ಕಾಲೇಜಿನ ಕೋರ್ಟಿನ ಫೋಟೋವನ್ನು ಹಾಸಿಗೆಯ ಪಕ್ಕ ಅಂಟಿಸಿಕೊಂಡಿದ್ದಳು.

ಹೆಂಡತಿ ಶಾವಿಗೆ ಉಪ್ಪಿಟ್ಟು, ಕೇಸರಿಬಾತು ಮಾಡಿದ್ದಳು. ಕೋಚಮ್ಮ ಎರಡನ್ನೂ ಚೆನ್ನಾಗಿ ತಿಂದಳು. ಮಗಳು ಎಲ್ಲದಕ್ಕೂ ತಡವರಿಸದೆ ಉತ್ತರ ಕೊಟ್ಟಳು, ಕಣ್ಣಲ್ಲಿ ಕಣ್ಣಿಟ್ಟು. ಆಮೇಲೆ ಆಕೆ ನನ್ನ ಕಡೆ ತಿರುಗಿ, ನಿಮ್ಮ ಮಗಳ ಬಗ್ಗೆ ನೀವು ಹೇಳಿ, ನಾನು ಅಪ್ಪಂದಿರ ಬಾಯಿಂದ ಕೇಳಬೇಕು ಎಂದಳು.

ನಾನು ಕೈ ಆಡಿಸಿ, ವಿಶೇಷವೇನೂ ಇಲ್ಲ, ಏನೋ ಸುಮಾರಾಗಿ ಆಡುತ್ತಾಳೆ, ಸಾಧಾರಣ ಹುಡುಗಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅಲ್ಲಿಗಾದರೂ ಬಾಯಿ ಮುಚ್ಚಿದೆನೇ? ಇವಳಿಗಿಂತ ಚೆನ್ನಾಗಿ ಆಡುವವರು ಬೇಕಾದಷ್ಟಿದ್ದಾರೆ, ಏನೋ ನಿಮ್ಮ ದೊಡ್ಡ ಮನಸ್ಸು, ನಮಗಂತೂ ಓದೇ ಮುಖ್ಯ ಎಂದೆ. ಹೆಂಡತಿ ತಾನೇನು ಕಡಿಮೆ ಎಂದು, "ವೆರಿ ಲೇಜಿ ಅಟ್ ಹೋಮ್" ಎಂದು ಸೇರಿಸಿ ನಕ್ಕಳು.

ನಮ್ಮಲ್ಲಿ ಇದಕ್ಕೊಂದು ಕ್ರಮವಿದೆ. ಬಂದವರ ಮುಂದೆ ಹೆತ್ತವರು ಮಕ್ಕಳನ್ನು ಹೊಗಳಬಾರದು, ದೃಷ್ಟಿ ತಾಗುತ್ತದೆ. ನಾನು ರ‍್ಯಾಂಕ್ ಬಂದಾಗ ನಮ್ಮಪ್ಪ ಬಂದವರಿಗೆಲ್ಲ "ಹೇಗೋ ಪಾಸಾದ" ಎಂದೇ ಹೇಳಿದ್ದರು. ಆಗ ಬಂದವರು "ಅಯ್ಯೋ, ಹಾಗನ್ನಬೇಡಿ, ಎಂಥಾ ಚುರುಕು ಹುಡುಗ" ಎನ್ನಬೇಕು, ಎನ್ನುತ್ತಿದ್ದರು. ನಾವು ಇಳಿಸುವುದು, ಅವರು ಏರಿಸುವುದು. ಆ ಮಧ್ಯಾಹ್ನ ಕೋಚಮ್ಮ ಏರಿಸಲಿ ಎಂದು ನಾನು ನಗುಮುಖ ಮಾಡಿಕೊಂಡು ಕಾದೆ. ಆಕೆ ಪುಸ್ತಕ ತೆಗೆದು ಏನೋ ಬರೆದುಕೊಂಡಳು. ಮಗಳು ಕೇಸರಿಬಾತಿನ ತಟ್ಟೆ ನೋಡುತ್ತಿದ್ದಳು.

ಹತ್ತು ದಿನಕ್ಕೆ ಆಕೆಯ ಫೋನು ಬಂತು, ಮಗಳಿಗೇ. ಮಾತು ಮುಗಿಸಿ ಅವಳು ಅದೇ ಅಡುಗೆಮನೆಯ ಟೇಬಲ್ಲಿಗೆ ಬಂದು ಕೂತಳು. ಜಾಗ ಇನ್ನೊಬ್ಬಳಿಗೆ ಹೋಗಿತ್ತು. ಆಟದಲ್ಲಿ ಇಬ್ಬರೂ ಸಮವಂತೆ. ಆದರೆ ಮನೆಯವರಿಗೆ ನಂಬಿಕೆಯಿಲ್ಲದ ಹುಡುಗಿಯರು ಮಧ್ಯದಲ್ಲೇ ಬಿಟ್ಟು ಹೋಗುತ್ತಾರೆ, ಅದನ್ನು ಕೋಚಮ್ಮ ಬೇಕಾದಷ್ಟು ನೋಡಿದ್ದಾಳಂತೆ.

"ಅದು ನಮ್ಮ ಕಡೆ ಹೇಳೋ ರೀತಿ ಪುಟ್ಟಿ. ಹಾಗಂದ್ರೆ ಹಾಗೇ ಅಂತ ಅಲ್ಲ" ಎಂದೆ.

"ದೆನ್ ವಾಟ್ ಡು ಯು ರಿಯಲಿ ಥಿಂಕ್, ಅಪ್ಪಾ?"

ಕೇಳಿದವಳು ಹೊರಗಿನವಳಲ್ಲ, ನನ್ನ ಮಗಳು. ದೃಷ್ಟಿ ತಾಗಿಸಲು ಅಲ್ಲಿ ಯಾರೂ ಇರಲಿಲ್ಲ. "ಚೆನ್ನಾಗೇ ಆಡ್ತೀಯ. ಆದ್ರೆ ಓದೂ ನೋಡ್ಕೋಬೇಕಲ್ಲ" ಎಂದೆ. ಆ 'ಆದ್ರೆ' ಎಲ್ಲಿಂದ ಬಂತೋ. ಅವಳು ಎದ್ದು ಮೇಲೆ ಹೋದಳು. ಹಾಸಿಗೆಯ ಪಕ್ಕದ ಫೋಟೋ ಮರುದಿನ ಇರಲಿಲ್ಲ.

ಮನೆಯಿಂದಲೇ ಹೋಗಿ ಬರುವ ಕಾಲೇಜಿಗೆ ಸೇರಿದಳು. ಚೆಂಡು ಮುಟ್ಟಲಿಲ್ಲ. ಹೆಂಡತಿ ನನ್ನನ್ನು ಬೈದಳು, ನಾನು ಅವಳ 'ಲೇಜಿ'ಯನ್ನು ಎತ್ತಿ ಆಡಿದೆ. ಕೋಚಮ್ಮನನ್ನಂತೂ ಇಬ್ಬರೂ ಸೇರಿ ವರ್ಷಗಟ್ಟಲೆ ಶಪಿಸಿದೆವು. ಆಕೆ ಮಾಡಿದ ತಪ್ಪೆಂದರೆ ನನ್ನ ಮಾತನ್ನು ನಂಬಿದ್ದು.

ಕೆಲವು ವರ್ಷಗಳ ಮೇಲೆ ನನಗೆ ಶಿಕಾಗೋ ಕಡೆ ಕೆಲಸ ಸಿಕ್ಕಿ ಮನೆ ಖಾಲಿ ಮಾಡುವಾಗ ಗರಾಜಿನಲ್ಲಿ ಆ ಮ್ಯಾಚುಗಳ ಹಳೆಯ ಟೇಪುಗಳು ಸಿಕ್ಕವು. ಕೆಟ್ಟಿವೆಯೋ ಏನೋ ಎಂದು ಒಂದನ್ನು ಹಾಕಿದೆ. ಧ್ವನಿ ತೆಗೆಯದ ಮೂಲ ಟೇಪು ಅದು. ಸಾಮಾನು ಕಟ್ಟಲು ಬಂದಿದ್ದ ಮಗಳು ಬಾಗಿಲಲ್ಲಿ ಬಂದು ನಿಂತಳು.

"ಹೂ ಈಸ್ ದಟ್ ಯೆಲ್ಲಿಂಗ್?"

"ನಾನೇ" ಎಂದೆ.

ಕೈಯಲ್ಲಿದ್ದ ಡಬ್ಬ ಇಳಿಸದೆ ಕೇಳಿಸಿಕೊಂಡಳು. ಶಭಾಷ್ ಪುಟ್ಟಿ, ನನ್ನ ಚಿನ್ನ. ಈ ಧ್ವನಿಯನ್ನು ಯಾಕೆ ತೆಗೆದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಕೋಚುಗಳು ನಗುತ್ತಾರೆ ಅಂತ ಎಂದೆ.

"ಐ ವುಡ್ ಹ್ಯಾವ್ ಕೆಪ್ಟ್ ಪ್ಲೇಯಿಂಗ್" ಎಂದಳು.

ಡಬ್ಬವನ್ನು ಕಾರಿಗಿಡಲು ಹೋದಳು. ಟೇಪಿನಲ್ಲಿ ನಾನು ಇನ್ನೂ ಕಿರುಚುತ್ತಿದ್ದೆ.