ಬಂಬಖಾನೆಯವರ ತಮ್ಮ

ಅಗ್ನಿಶಾಮಕ ಎಂಬ ಪದವನ್ನು ನಾನು ಇಂದಿಗೂ ಒಂದೇ ಉಸಿರಿನಲ್ಲಿ ಹೇಳಲಾರೆ. ಏಳನೆಯ ಇಯತ್ತೆಗೇ ಸಾಲೆ ಬಿಟ್ಟ ನಾಲಿಗೆ ಇದು. ಜಮಖಂಡಿಯ ನಮ್ಮ ಓಣಿಯಲ್ಲಿ ಆ ತೊಂದರೆಯಿಲ್ಲ. ಬೆಂಕಿ ಆರಿಸುವ ಗಾಡಿಗೆ ಬಂಬ ಎನ್ನುತ್ತೇವೆ. ಅದು ನಿಲ್ಲುವ ಹಳೆಯ ಕಲ್ಲಿನ ಕಟ್ಟಡಕ್ಕೆ ಬಂಬಖಾನೆ. ಬಚ್ಚಲಲ್ಲಿ ನೀರು ಕಾಯಿಸುವ ತಾಮ್ರದ ಪಾತ್ರೆಗೂ ಬಂಬ ಎಂದೇ ಹೆಸರು. ಒಂದರಲ್ಲಿ ಬೆಂಕಿಯಿಂದ ನೀರಿಗೆ ಕೆಲಸ, ಇನ್ನೊಂದರಲ್ಲಿ ನೀರಿನಿಂದ ಬೆಂಕಿಗೆ. ಹೆಸರಿಟ್ಟ ಹಿರಿಯರಿಗೆ ಅದು ದೊಡ್ಡ ಭೇದ ಎನಿಸಲಿಲ್ಲ.

ಸಂಸ್ಥಾನದ ಕಾಲದಲ್ಲಿ ಬಂಬಖಾನೆ ಕುದುರೆಲಾಯವಾಗಿತ್ತಂತೆ. ಅಟ್ಟದ ತುಂಬ ಹುಲ್ಲು. ಬೆಂಕಿಗೆ ಎಲ್ಲರಿಗಿಂತ ಹೆಚ್ಚು ಹೆದರುವ ಹುಲ್ಲು ಹೋಗಿ, ಹೆದರದವರು ಬಂದು ಕೂತರು. ಬೇಸಿಗೆಯಲ್ಲೂ ಒಳಗೆ ತಂಪು. ಕುದುರೆ ಕಟ್ಟುತ್ತಿದ್ದ ಕಬ್ಬಿಣದ ಬಳೆಗಳಲ್ಲಿ ಈಗ ಹೆಲ್ಮೆಟ್‌ಗಳು ತೂಗುತ್ತವೆ. ನನ್ನ ಅಣ್ಣ ಅಲ್ಲಿ ನೌಕರ. ಆ ಕಟ್ಟಡ ಕಂಡಾಗಲೆಲ್ಲ, ಅದೇನೋ ನಮ್ಮಪ್ಪನೇ ಕಟ್ಟಿಸಿದ್ದು ಎಂಬಂತೆ ಎದೆಯುಬ್ಬಿಸಿ ನಡೆಯುತ್ತೇನೆ.

ಅಂಥವನ ತಮ್ಮನಾದ ನಾನು ಮೊನ್ನೆ ಮಾಡಿದ್ದನ್ನು ಕೇಳಿ. ಕಬ್ಬು ಕಡಿದ ಮೇಲೆ ನಮ್ಮ ಹೊಲದಲ್ಲಿ ಉಳಿದ ಒಣ ಗರಿಯ ರವದಿಗೆ, ಅಣ್ಣ ಬೇಡವೆಂದಿದ್ದರೂ, ಕಡ್ಡಿ ಗೀರಿದೆ. ಗಾಳಿ ತಿರುಗಿತು. ಬೆಂಕಿ ಪಕ್ಕದ ಈರಪ್ಪ ಕಾಕಾನ ನಿಂತ ಕಬ್ಬಿನತ್ತ ಹೊರಟಿತು. ಗಾಬರಿಯಲ್ಲಿ ಅಣ್ಣನ ಮೊಬೈಲಿಗೆ ಫೋನು ಮಾಡಿದೆ. ಅವನು ಅದನ್ನು ಮನೆಯಲ್ಲೇ ಮರೆತು ಹೋಗಿದ್ದ. ಎತ್ತಿದ್ದು ಅವನ ಹೆಂಡತಿ, ನಮ್ಮ ವೈನಿ.

“ವೈನೀ, ಲಗೂನ ಬಂಬ ಕಳಸ್ರಿ!”

“ಬಂಬ ಸೋರಾಕತ್ತಿತ್ತು, ದುರಸ್ತಿಗೆ ಕೊಟ್ಟೇವಿ. ಈ ಬಿಸಲಾಗ ಬಿಸಿನೀರ ಯಾಕ ಬೇಕೋ ನಿನಗ?”

ನಾನು ಬಿಡಿಸಿ ಹೇಳಿ, ವೈನಿ ಬಂಬಖಾನೆಗೆ ಓಡುವಷ್ಟರಲ್ಲಿ ಕಾಕಾನ ಅಂಚಿನ ಸಾಲುಗಳು ಸುಟ್ಟಿದ್ದವು. ಬಂಬ ಬಂತು, ಅಣ್ಣ ಇಳಿದ, ಉಳಿದ ಕಬ್ಬು ಉಳಿಯಿತು.

“ಯಾರ ಹಚ್ಚಿದ್ರಪಾ?” ಎಂದು ಕಾಕಾ ಕೇಳಿದರು.

“ಗಾಳಿಗೆ ಹತ್ತೇತ್ರಿ” ಎಂದೆ. ಅಣ್ಣ ನನ್ನನ್ನೊಮ್ಮೆ ನೋಡಿ ಪೈಪು ಸುತ್ತತೊಡಗಿದ.

ಮರುದಿನ ಬಂಬಖಾನೆಗೆ ಹೋದರೆ, ಅಣ್ಣ ಅಟ್ಟದ ತೊಲೆಗಳಿಗೆ ಒದ್ದೆ ಪೈಪುಗಳನ್ನು ಒಣಹಾಕುತ್ತಿದ್ದ.

“ಅಣ್ಣಾ, ಕಾಕಾಗ ನೀನರ ಹೇಳು.”

“ಬೆಂಕಿ ಆರ್ಸೂದು ನನ್ನ ನೌಕರಿ, ತಮ್ಮಾ. ಹೇಳೂದು ನಿಂದು.”

ಕಾಕಾನ ಮನೆಯ ಕಟ್ಟೆಯ ಮುಂದೆ ನಿಂತು ಹೇಳಿಬಿಟ್ಟೆ. ಕಾಕಾ ಬಾಯೊಳಗಿನ ಎಲೆ ಉಗುಳಿ ಬಂದರು.

“ನಿನ್ನೆನ ನನಗ ತಿಳದೇತಲೇ. ಗಾಳಿ ಕಿಸೇದಾಗ ಕಡ್ಡಿಪೆಟ್ಟಿಗಿ ಇಟ್ಕೊಂಡ ತಿರಗತೈತೇನು? ನಿನ್ನ ಜಾಡಿಸಿ ಒದೀಬೇಕಂತ ಮಾಡಿದ್ದೆ. ಹೊಗಿಯೊಳಗಿಂದ ನಿಮ್ಮಣ್ಣ ಬಂದಾ, ಅವನ ಮಾರಿ ನೋಡಿ ಸುಮ್ನಾದೆ.”

ಅಣ್ಣ ಅಂದು ಎರಡು ಬೆಂಕಿ ಆರಿಸಿದ್ದ. ನಾನು ನೋಡಿದ್ದು ಒಂದೇ.