ಮನೆಯ ಸಿಡುಕಿನ ಹೊತ್ತು

ಓದುಗರೇ, ಈ ಅಭಿನಂದನಾ ಸಂಪುಟದಲ್ಲಿ ಹೊಗಳಿಕೆಗೆ ಬರವಿಲ್ಲ. ಅದನ್ನೆಲ್ಲ ಆಮೇಲೆ ನಿಧಾನವಾಗಿ ಓದಿಕೊಳ್ಳಿ, ಮೊದಲು ಇದೊಂದನ್ನು ಪೂರ್ತಿ ಕೇಳಿಬಿಡಿ. ನಡುವೆ ಎದ್ದು ಹೋಗಬೇಡಿ, ಏಕೆಂದರೆ ಕೊನೆಯಲ್ಲಿ ನಿಮ್ಮ ಅಭಿಪ್ರಾಯ ಬೇಕಾಗಿದೆ.

ಮನೆ ಕಟ್ಟಿ ನೋಡು ಎಂದ ಹಿರಿಯರು ಮನೆ ಮಾರಿ ನೋಡಿರಲಿಲ್ಲವೆಂದು ಕಾಣುತ್ತದೆ. ನೋಡಿದ್ದರೆ ಗಾದೆ ಇನ್ನಷ್ಟು ಉದ್ದವಾಗಿರುತ್ತಿತ್ತು. ಬೆಳಗಿನ ರೈಲಿಗೆ ಊರಿಗೆ ಊರೇ ಹೊರಟುಹೋಗಿ ಸಂಜೆಯ ರೈಲಿಗೆ ಮರಳುವ, ಗೇಟಿಗೊಂದು ಹುಲ್ಲುಹಾಸು, ಹುಲ್ಲುಹಾಸಿಗೊಂದು ಮರ ಇರುವ ಈ ಅನುಕೂಲಸ್ಥರ ಬಡಾವಣೆಯಲ್ಲಿ ಮನೆ ಕೊಡಿಸುವ ದಲ್ಲಾಳಿಗಳಿಗೆ ಕೊರತೆಯಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಮಾತನ್ನೇ ಬಂಡವಾಳ ಮಾಡಿಕೊಂಡ ಈ ಕಸುಬಿನಲ್ಲಿ, ಈ ತಿಂಗಳು ನಿವೃತ್ತರಾಗುತ್ತಿರುವ, ಎಲ್ಲರ ಬಾಯಲ್ಲಿ ‘ದೊಡ್ಡಕ್ಕ’ ಆಗಿರುವ ನಮ್ಮ ಏಜೆನ್ಸಿಯ ಮುಖ್ಯಸ್ಥೆಯ ಸ್ಥಾನ ಬೇರೆಯೇ. ಅವರು ಸುಳ್ಳು ಹೇಳುತ್ತಿರಲಿಲ್ಲ ಎಂದರೆ ಸಾಲದು. ನಿಜವನ್ನೂ ತಾವಾಗಿ ಹೇಳುತ್ತಿರಲಿಲ್ಲ. ಅದನ್ನು ಮನೆಯ ಬಾಯಿಂದಲೇ ಹೇಳಿಸುತ್ತಿದ್ದರು.

ದೊಡ್ಡಕ್ಕ ಸ್ಟೇಷನ್ನಿನ ಎದುರಿನ ಈ ಕಚೇರಿಗೆ ಬಂದದ್ದು ಫೋನ್ ಎತ್ತುವ ಕೆಲಸಕ್ಕೆ. ಆಗಿನ ಯಜಮಾನರು ಅವರಿಗೆ ಮನೆ ತೋರಿಸುವ ವಿದ್ಯೆ ಕಲಿಸಿದರು: ಮುಂದಿನ ಕೋಣೆಗೆ ಬಿಸಿಲು ಬೀಳುವ ಗಳಿಗೆ ನೋಡಿ ಪಾರ್ಟಿಯನ್ನು, ಅಂದರೆ ಕೊಳ್ಳುವವರನ್ನು, ಕರೆತರಬೇಕು, ಹಗಲಾದರೂ ದೀಪವೆಲ್ಲ ಹಾಕಿರಬೇಕು, ಅಡುಗೆಮನೆಯಲ್ಲಿ ಆಗಷ್ಟೇ ಇಳಿಸಿದ ಕಾಫಿಯ ವಾಸನೆ ಇರಬೇಕು. ಹಾಗೆಯೇ ನಡೆಯಿತು. ಒಂದು ದಿನ, ಹಾಗೆ ಮನೆ ಕೊಂಡಿದ್ದ ಶಾಲಾ ಶಿಕ್ಷಕರೊಬ್ಬರು ಕಚೇರಿಗೆ ಬಂದರು. ಜಗಳಕ್ಕಲ್ಲ. ಕುರ್ಚಿಯ ತುದಿಯಲ್ಲಿ ಕುಳಿತು, ಬಹಳ ಸಂಕೋಚದಿಂದ ಕೇಳಿದರು: “ಮೇಡಂ, ನೀವು ತೋರ್ಸಿದ್ದು ಯಾವ ಮನೆ? ನಾವಿರೋದು ಬೇರೆ ಮನೆ ಅನ್ನಿಸ್ತಿದೆ.” ಬೆಳಿಗ್ಗೆ ಅವರ ಗೇಟಿನ ಮುಂದೆ ರೈಲು ಹಿಡಿಯುವವರು ಕಾರು ಬಿಟ್ಟು ಓಡಿಹೋಗುತ್ತಿದ್ದರು, ಇವರ ಕಾರು ಸಂಜೆಯವರೆಗೆ ಒಳಗೇ ಸೆರೆ. “ಬೆಳಿಗ್ಗೆ ಸ್ವಲ್ಪ ಕಾರಿನ ತೊಂದ್ರೆ ಇದೆ ಅಂತ ನಾನು ಹೇಳಿದ್ದೆನಲ್ಲ” ಎಂದರು ದೊಡ್ಡಕ್ಕ. “ಹೇಳಿದ್ರಿ, ತಲೆ ಆಡ್ಸಿದ್ವಿ. ಅನುಭವಿಸಿದ್ ಮೇಲಲ್ವಾ ಕೇಳ್ಸೋದು” ಎಂದು ಶಿಕ್ಷಕರು ಎದ್ದು ಹೋದರು.

ಅಂದಿನಿಂದ ಅವರ ನಿಯಮ ಹುಟ್ಟಿತು. “ಮನುಷ್ಯರ ಥರ ಪ್ರತಿ ಮನೆಗೂ ಒಂದು ಸಿಡುಕಿನ ಹೊತ್ತು ಇರತ್ತೆ. ಪಾರ್ಟಿ ಬರಬೇಕಾದ್ದು ಆ ಹೊತ್ತಿಗೆ” ಎನ್ನುತ್ತಿದ್ದರು. ಶಾಲೆಯ ಪಕ್ಕದ ಮನೆಯನ್ನು ಬೆಲ್ ಹೊಡೆಯುವಾಗ ತೋರಿಸಿದರು. ಇಳಿಜಾರಿನ ಮನೆಗೆ ಮಳೆ ಸುರಿಯುವಾಗ ಕರೆದೊಯ್ದು, ಕೊಳ್ಳುವವರ ಕೈಯಲ್ಲೇ ಕಾರನ್ನು ಹಿಂದಕ್ಕೆ ತೆಗೆಸಿದರು. ಯಜಮಾನರು ಕೆಂಡವಾದರು. “ಗಿರಾಕಿಗಳನ್ನ ಓಡ್ಸೋಕೆ ನಿನಗೆ ಸಂಬಳ ಕೊಡ್ತಿದೀನಾ?” ದೊಡ್ಡಕ್ಕ ತಣ್ಣಗೆ ಹೇಳಿದರಂತೆ: “ಓಡೋರು ಈಗಲೇ ಓಡ್ಲಿ ಸರ್. ಆಮೇಲೆ ಮನೆ ಹೊತ್ಕೊಂಡು ಓಡೋಕಾಗಲ್ಲ.” ಕಾಲಕ್ರಮದಲ್ಲಿ ಓಡಿದವರೇ ತಮ್ಮ ನೆಂಟರಿಷ್ಟರನ್ನು ಕರೆತಂದು ಇದೇ ಕಚೇರಿಯ ಬಾಗಿಲು ತಟ್ಟತೊಡಗಿದ ಮೇಲೆ ಯಜಮಾನರು ಸುಮ್ಮನಾದರು, ಹೋಗುವಾಗ ತಮ್ಮ ಕುರ್ಚಿಯನ್ನೂ ಇವರಿಗೇ ಬಿಟ್ಟುಹೋದರು.

ಕಣ್ಣು ಮಂಜಾಗುತ್ತಿದ್ದ ಪತ್ನಿಗಾಗಿ ಮನೆ ಹುಡುಕುತ್ತಿದ್ದ ನಿವೃತ್ತ ವಿಮಾನ ಚಾಲಕರೊಬ್ಬರಿಗೆ ಮನೆ ಸೂಚಿಸುವ ಮುನ್ನ, ದೊಡ್ಡಕ್ಕ ತಾವೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಲ್ಲಿನ ಮೆಟ್ಟಿಲು ಹತ್ತಿಳಿದು, ಮೊಣಕಾಲು ತರಚಿಕೊಂಡು ಬಂದು, “ಇದು ಬೇಡ” ಎಂದರು. ನೋಡಿದ ಪ್ರತಿ ಮನೆಯ ಅಡುಗೆಮನೆಯಲ್ಲೂ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಕಿತ್ತಾಡುತ್ತಿದ್ದ ಹೊಸ ದಂಪತಿಗೆ, “ನಿಮಗೆ ಬೇಕಾಗಿರೋದು ಇನ್ನೊಂದು ಮನೆ ಅಲ್ಲ, ಇನ್ನೊಂದು ಸಿಂಕು” ಎಂದು ಹೇಳಿ, ಇದ್ದ ಬಾಡಿಗೆ ಮನೆಗೇ ವಾಪಸು ಕಳಿಸಿದರು. ಅವರು ಇಂದಿಗೂ ಅಲ್ಲೇ ಇದ್ದಾರೆ, ಜೊತೆಯಲ್ಲೇ.

ಈಗ ಕೇಳಬೇಕಾದ ವಿಷಯಕ್ಕೆ ಬರೋಣ.

ದೊಡ್ಡಕ್ಕನ ಸ್ವಂತ ತಂಗಿಯ ಮನೆ ಸ್ಟೇಷನ್ನಿನ ಹಿಂದಿನ ಸಾಲಿನಲ್ಲಿತ್ತು. ತಂಗಿಯ ಗಂಡನಿಗೆ ದೂರದ ಊರಿಗೆ ವರ್ಗವಾಯಿತು. ಅಲ್ಲಿ ಅವರಿಗೆ ಮನಸ್ಸಿಗೊಪ್ಪುವ ಮನೆಯೊಂದು ಸಿಕ್ಕಿ, ಅದರ ಮಾಲೀಕರು ತಿಂಗಳ ಕೊನೆಯವರೆಗೆ ಕಾಯುವುದಾಗಿ ಮಾತು ಕೊಟ್ಟಿದ್ದರು. ಇದು ಮಾರಾಟವಾದರೆ ಅದು, ಇಲ್ಲವಾದರೆ ಇಲ್ಲ. ಸ್ಟೇಷನ್ನಿನ ಹಿಂದಿನ ಈ ಮನೆಯಲ್ಲಿ ಕುಂದು ಹೇಳಲು ಬೇರೇನೂ ಇರಲಿಲ್ಲ. ಆದರೆ ಬೆಳಿಗ್ಗೆ ಪ್ಲಾಟ್‌ಫಾರ್ಮು ತುಂಬುವ ಹೊತ್ತಿಗೆ ಸ್ಟೇಷನ್ನಿನ ಮೈಕು ಹಿಂದಿನ ಮಲಗುವ ಕೋಣೆಯ ಮಂಚದ ಮೇಲೇ ಕುಳಿತಂತೆ ಮಾತಾಡುತ್ತಿತ್ತು. ದೊಡ್ಡಕ್ಕ ಆ ಹೊತ್ತಿಗೇ ಪಾರ್ಟಿಗಳನ್ನು ಕರೆತಂದರು. ಬಂದವರೆಲ್ಲ ಬಂದ ದಾರಿ ಹಿಡಿದರು.

“ಇದೊಂದು ಸಲ ಭಾನುವಾರ ಮಧ್ಯಾಹ್ನ ತೋರ್ಸೆ ಅಕ್ಕ. ನಿನ್ನ ನಿಯಮ ನನ್ನ ಮನೇಲೇ ಪರೀಕ್ಷೆ ಆಗ್ಬೇಕಾ?” ಎಂದಳು ತಂಗಿ. ಅಕ್ಕ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೋ ಹೇಳಿದರು. ಕಾದು ಸಾಕಾದ ತಂಗಿ, ಒಂದು ಭಾನುವಾರ ಮಧ್ಯಾಹ್ನ ತಾನೇ ಒಬ್ಬ ನರ್ಸನ್ನು ಕರೆದು ಮನೆ ತೋರಿಸಿದಳು. ನರ್ಸಿಗೆ ಮನೆ ಹಿಡಿಸಿತು. ಮರುದಿನ ಮುಂಗಡ ಕೊಡಲು ಕಚೇರಿಗೇ ಬಂದರು.

“ಹಾಲ್ ದೊಡ್ಡದಿದ್ರೆಷ್ಟು ಬಿಟ್ರೆಷ್ಟು ಮೇಡಂ, ನಂದು ಯಾವಾಗ್ಲೂ ರಾತ್ರಿ ಡ್ಯೂಟಿ. ಬೆಳಿಗ್ಗೆ ಬಂದು ಬಿದ್ಕೊಂಡ್ರೆ ನಿದ್ದೆ ಬರೋ ಅಂಥ ಒಂದು ರೂಮು ಸಾಕು. ಆ ಹಿಂದಿನ ರೂಮು ಎಷ್ಟು ತಣ್ಣಗಿದೆ” ಎಂದರು.

ದೊಡ್ಡಕ್ಕ ಚೆಕ್ಕನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. “ನಾಳೆ ಡ್ಯೂಟಿ ಮುಗಿಸ್ಕೊಂಡು ನೇರ ಅಲ್ಲಿಗೇ ಹೋಗಿ. ಒಂದು ನಿದ್ದೆ ಮಾಡಿ. ಆಮೇಲೆ ಕೊಡಿ.”

ನರ್ಸ್ ನಕ್ಕರು. “ಚಪ್ಪಲಿ ಹಾಕಿ ನೋಡ್ದಂಗೆ ನಿದ್ದೆ ಮಾಡಿ ನೋಡೋದಾ?”

“ಚಪ್ಪಲಿ ಕಚ್ಚಿದ್ರೆ ಬಿಸಾಕ್ಬಹುದು” ಎಂದರು ದೊಡ್ಡಕ್ಕ.

ಮರುದಿನ ಬೆಳಿಗ್ಗೆ ದೊಡ್ಡಕ್ಕ ತಂಗಿಯ ಮನೆ ತಲುಪುವಷ್ಟರಲ್ಲಿ ತಂಗಿ ತುಟಿಯ ಮೇಲೆ ಬೆರಳಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದಳು.

“ಮಲ್ಕೊಂಡಿದಾರೆ. ಮಗು ಥರ.”

“ಕಿಟಕಿ?”

“ಮುಚ್ಚಿದೀನಿ. ಪರದೇನೂ ಎಳೆದಿದೀನಿ. ಮುಚ್ಚಿರೋ ಕಿಟಕೀನೂ ಸುಳ್ಳಾ ಈಗ? ಅವರು ವಾಸಕ್ಕೆ ಬಂದ್ರೂ ಮುಚ್ಕೊಂಡೇ ಮಲಗ್ತಾರೆ.”

“ಬೇಸಿಗೇಲಿ?”

“ಬೇಸಿಗೆ ಬಂದಾಗ ನೋಡ್ಕೋತಾರೆ.” ತಂಗಿಯ ದನಿ ಇಳಿಯಿತು. “ಅಕ್ಕ, ಮಕ್ಕಳನ್ನ ಅಲ್ಲಿನ ಶಾಲೆಗೆ ಸೇರ್ಸಿ ಆಗಿದೆ. ಈ ವಾರ ದಾಟಿದ್ರೆ ಆ ಮನೆ ಹೋಯ್ತು. ಎರಡು ರಾತ್ರಿಯಿಂದ ನಿದ್ದೆಗೆಟ್ಟಿದಾರಂತೆ ಆಯಮ್ಮ. ಮಲಗಿರೋರ್ನ ಎಬ್ಬಿಸೋಕೆ ಮನಸ್ಸಾದ್ರೂ ಹೆಂಗೆ ಬರತ್ತೆ ನಿನಗೆ?”

ದೊಡ್ಡಕ್ಕ ಕೋಣೆಯ ಬಾಗಿಲು ಸರಿಸಿ ನಿಂತರು. ನರ್ಸ್ ಕೋಟು ಕೂಡ ತೆಗೆಯದೆ ಒರಗಿದ್ದರು. ಒಂದು ಶೂ ಕಳಚಿತ್ತು, ಇನ್ನೊಂದು ಕಾಲಲ್ಲೇ ಇತ್ತು. ಮುಚ್ಚಿದ ಗಾಜಿನಾಚೆ ಮೈಕಿನ ಮಾತು ನೀರೊಳಗಿಂದ ಯಾರೋ ಗೊಣಗಿದಂತೆ ಕೇಳಿಸುತ್ತಿತ್ತು, ಅಷ್ಟೆ. ಹಾಗೇ ಹಿಂದಿರುಗಿದರೆ ತಂಗಿಗೆ ಮನೆ ಸಿಗುತ್ತದೆ, ಈ ಹೆಂಗಸಿಗೆ ಇಂದಿನ ನಿದ್ದೆ ಸಿಗುತ್ತದೆ. ಮುಂದಿನ ನಿದ್ದೆಗಳ ಲೆಕ್ಕ ಯಾರೂ ಕೇಳುವುದಿಲ್ಲ. ಇಷ್ಟೆಲ್ಲ ತಮಗೆ ಆ ಕ್ಷಣದಲ್ಲೇ ಸ್ಪಷ್ಟವಾಗಿ ಹೊಳೆದಿತ್ತೆಂದು ದೊಡ್ಡಕ್ಕ ಇಂದಿಗೂ ಒಪ್ಪಿಕೊಳ್ಳುತ್ತಾರೆ.

ಅವರು ತುದಿಗಾಲಲ್ಲಿ ಒಳಗೆ ಹೋಗಿ ಕಿಟಕಿಯನ್ನು ಒಂದು ಗೇಣು ತೆರೆದರು.

ಎರಡನೇ ಪ್ಲಾಟ್‌ಫಾರ್ಮಿಗೆ ಬರಬೇಕಾದ ಗಾಡಿ ತಡವಾಗಿದೆಯೆಂದೂ, ಪ್ರಯಾಣಿಕರಿಗಾದ ಅನಾನುಕೂಲಕ್ಕೆ ವಿಷಾದವಿದೆಯೆಂದೂ ಮೈಕು ಕೋಣೆ ತುಂಬ ಸಾರಿತು. ನರ್ಸ್ ಧಡಕ್ಕನೆ ಎದ್ದು ನಿಂತು, “ಯಾವ ಬೆಡ್?” ಎಂದರು. ತಾವಿರುವುದು ಆಸ್ಪತ್ರೆಯಲ್ಲವೆಂದು ತಿಳಿಯಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮಂಚದ ಅಂಚಿನಲ್ಲಿ ಕುಳಿತು, ಇನ್ನೂ ಎರಡು ಗಾಡಿಗಳ ವಿಷಯ ಕೇಳಿದರು.

“ದಿನಾ ಹೀಗೇನಾ?”

“ರಜಾ ದಿನ ಬಿಟ್ಟು.”

ನರ್ಸ್ ಕಳಚಿದ ಶೂ ಹಾಕಿಕೊಂಡರು. ಬಾಗಿಲಲ್ಲಿ ನಿಂತು, ಕೋಪವಿಲ್ಲದೆ, ಆಯಾಸದಿಂದ ಅಂದರು: “ಬಾಯಲ್ಲಿ ಹೇಳಿದ್ರೆ ಸಾಕಾಗಿತ್ತು ಮೇಡಂ. ಎಬ್ಬಿಸ್ಬೇಕಾಗಿರ್ಲಿಲ್ಲ.”

ನರ್ಸ್ ಆ ಮನೆ ಕೊಳ್ಳಲಿಲ್ಲ. ದೂರದ ಊರಿನ ಮನೆ ಬೇರೆಯವರ ಪಾಲಾಯಿತು. ತಂಗಿಯ ಸಂಸಾರ ಅಲ್ಲಿ ಇಕ್ಕಟ್ಟಾದ ಬಾಡಿಗೆ ಫ್ಲ್ಯಾಟಿಗೆ ಹೋಯಿತು. “ಊರಿಗೆ ಉಪಕಾರಿ, ಮನೆಗೆ ಮಾರಿ” ಎಂದು ಹೇಳಿ ಹೋದ ತಂಗಿ ಮತ್ತೆ ಫೋನ್ ಮಾಡಲು ವರ್ಷಗಳೇ ಹಿಡಿದವು. ಆ ಮನೆಯನ್ನು ಕೊನೆಗೆ ಇನ್ನೊಂದು ಏಜೆನ್ಸಿ, ಒಂದು ಭಾನುವಾರ ಮಧ್ಯಾಹ್ನ, ಒಂದು ಕುಟುಂಬಕ್ಕೆ ಮಾರಿತು. ಅವರು ಈಗಲೂ ಅಲ್ಲೇ ಇದ್ದಾರೆ. ಅವರಿಂದ ದೂರು ಬಂದದ್ದನ್ನು ಯಾರೂ ಕೇಳಿಲ್ಲ.

ದೊಡ್ಡಕ್ಕನ ಪದ್ಧತಿಯೂ ಅಂದಿನಿಂದ ಚೂರು ಬದಲಾಯಿತು. ನಮ್ಮ ಕಚೇರಿಯ ಫಲಕದಲ್ಲಿ ಪ್ರತಿ ಮನೆಯ ಚಿತ್ರದ ಕೆಳಗೆ ಅದರ ಸಿಡುಕಿನ ಹೊತ್ತನ್ನೂ ಈಗ ಬರೆದು ಹಾಕುತ್ತೇವೆ. ಮೊದಲು ಬಾಯಲ್ಲಿ ಹೇಳಬೇಕು, ಆಮೇಲೆ ಕಿವಿಯಲ್ಲಿ ಕೇಳಿಸಬೇಕು ಎಂದು ಹೊಸಬರಿಗೆ ಕಲಿಸುತ್ತಾರೆ. ಆಮೇಲೆ ಯಾವ ಪಾರ್ಟಿಯನ್ನೂ ಹಾಗೆ ಮಲಗಿಸಿ ನೋಡಿದ್ದಿಲ್ಲ.

ಈ ಸಂಪುಟಕ್ಕೆ ನಾಲ್ಕು ಸಾಲು ಬರೆದುಕೊಡಿ ಎಂದು ಕೇಳಿದಾಗ ತಂಗಿ, “ನಾನು ಬರೆದ್ರೆ ಅದು ಅಭಿನಂದನೆ ಆಗಲ್ಲ ಬಿಡಿ” ಎಂದು ನಕ್ಕಳು. ಸಹೋದರಿಯರು ಈಗ ವಾರ ವಾರ ಮಾತಾಡುತ್ತಾರೆ, ಮನೆಗಳ ವಿಷಯವೊಂದನ್ನು ಬಿಟ್ಟು. ಅಂದು ಮಾಡಿದ್ದು ಸರಿಯೇ ಎಂದು ದೊಡ್ಡಕ್ಕನನ್ನೂ ಕೇಳಿದ್ದಾಯಿತು. ಅವರು ಕನ್ನಡಕ ಒರೆಸುತ್ತ, “ಆ ನರ್ಸಿನ ವಿಷಯದಲ್ಲಿ ಅರ್ಧ ಸರಿ. ತಂಗಿ ವಿಷಯ ನನ್ನ ಕೇಳ್ಬೇಡಿ” ಎಂದರು.

ವಾರಕ್ಕೆರಡು ದಿನವಾದರೂ ಕಚೇರಿಗೆ ಬಂದು ಹೊಸಬರ ಕಿವಿ ಹಿಂಡುವೆನೆಂದು ಅವರು ಮಾತು ಕೊಟ್ಟಿದ್ದಾರೆ. ಅವರ ಮೊಣಕಾಲು ಗಟ್ಟಿಯಾಗಿರಲಿ, ನಾಲಿಗೆ ಈಗಿನಷ್ಟೇ ಚುರುಕಾಗಿರಲಿ, ಇನ್ನೂ ಬಹುಕಾಲ ಈ ಬೀದಿಗಳಲ್ಲಿ ಅವರು ಬೇಡದ ಹೊತ್ತಿಗೆ ಬಾಗಿಲು ತಟ್ಟುತ್ತಿರಲಿ ಎಂದು ಮನಸಾರೆ ಹಾರೈಸುತ್ತೇವೆ.

ಇನ್ನು ನೀವು ಹೇಳಿ: ಆಚೆ ಪಡಸಾಲೆಯಲ್ಲಿ ಒಡಹುಟ್ಟಿದವಳು ಕೈ ಹಿಸುಕಿಕೊಳ್ಳುತ್ತ ನಿಂತಿದ್ದಾಳೆ, ಈಚೆ ಮಂಚದ ಮೇಲೆ ದಣಿದ ಹೆಂಗಸು ಮೈಮರೆತು ಮಲಗಿದ್ದಾಳೆ, ನಡುವಿನ ಬಾಗಿಲಲ್ಲಿ ನೀವಿದ್ದೀರಿ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?