ಅಪ್ಪ ಹಿಂದಿನ ಸೀಟಿಗೆ ಬಂದ ದಿನ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಸಾರಕ್ಕಿಯಲ್ಲಿ ಆಟೋ ಓಡಿಸಿ ನನ್ನನ್ನು ಬಿ.ಕಾಂ. ಓದಿಸಿದ. ಪರೀಕ್ಷೆಯ ದಿನ ಬೇರೆ ಬಾಡಿಗೆ ಹಿಡಿಯದೆ ಕಾಲೇಜಿನ ಗೇಟಿನ ಹತ್ತಿರವೇ ಕಾದು ನಿಂತಿರುತ್ತಿದ್ದ. ಆ ಡಿಗ್ರಿಯಲ್ಲಿ ಅರ್ಧ ಅವನದೇ.

ಕಳೆದ ವರ್ಷ ಅಪ್ಪನಿಗೆ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಅಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು, ಮನೆಯಲ್ಲಿದ್ದವರು ನಾವಿಬ್ಬರೇ. ಆಫೀಸಿನಲ್ಲಿ ಕೇಳಿಕೊಂಡು ನನ್ನ ಅಕೌಂಟ್ಸ್ ಕೆಲಸವನ್ನು ಮನೆಯಿಂದಲೇ ಮಾಡತೊಡಗಿದೆ. ಗಡ್ಡ ಹೆರೆಯುವುದು, ಪಂಚೆ ಉಡಿಸುವುದು, ಸ್ನಾನ ಮಾಡಿಸುವುದು ಎಲ್ಲ ಕಲಿತೆ. ಮೊದಮೊದಲು ಸ್ನಾನದ ಹೊತ್ತಿನಲ್ಲಿ ಇಬ್ಬರೂ ಗೋಡೆ ನೋಡುತ್ತಿದ್ದೆವು. ಒಂದು ದಿನ ಅಪ್ಪನೇ, "ಗಾಡಿ ತೊಳೆದಂಗೆ ಉಜ್ಜಮ್ಮ, ಬಣ್ಣ ಏನೂ ಹೋಗಲ್ಲ" ಅಂದ. ಅಲ್ಲಿಂದಾಚೆಗೆ ನಗುತ್ತಲೇ ಸ್ನಾನ ಮುಗಿಯುತ್ತಿತ್ತು. ಆದರೂ ದಣಿವು ದಣಿವೇ. ಸುಮ್ಮಸುಮ್ಮನೆ ಅಳು ಬಂದಾಗ, ಅಪ್ಪನಿಗೆ ಕೇಳಿಸದಿರಲೆಂದು ಕುಕ್ಕರ್ ಕೂಗುವವರೆಗೆ ತಡೆದುಕೊಂಡು ಅತ್ತದ್ದೂ ಉಂಟು.

ಡಾಕ್ಟರು ಹೇಳಿದ್ದು ಒಂದೇ ಮಾತು: ಫಿಸಿಯೋಥೆರಪಿ ಈಗಲೇ ಶುರು ಮಾಡಿದರೆ ನಡೆಯುತ್ತಾರೆ, ತಡ ಮಾಡಬೇಡಿ. ಸೆಂಟರ್ ಇದ್ದದ್ದು ಜಯನಗರದಲ್ಲಿ. ಅಪ್ಪ ಹೊಸ್ತಿಲು ದಾಟಲು ಒಪ್ಪಲೇ ಇಲ್ಲ. ಕಾರಣ ಬಾಯಿಬಿಟ್ಟು ಹೇಳದಿದ್ದರೂ ನನಗೆ ಗೊತ್ತಿತ್ತು. ಅವನ ಆಟೋ ಸ್ಟ್ಯಾಂಡ್ ಇರುವುದು ನಮ್ಮ ಬೀದಿಯ ತುದಿಯಲ್ಲೇ. ಜೊತೆಗಾರರ ಕಣ್ಣೆದುರು ತನ್ನನ್ನು ಎತ್ತಿ ಕೂರಿಸುವುದು ಅವನಿಗೆ ಬೇಡವಾಗಿತ್ತು. ಅವರು ನೋಡಲು ಬಂದಾಗಲೂ, "ಮಲಗವ್ರೆ ಅನ್ನು" ಎಂದು ನನ್ನನ್ನೇ ಬಾಗಿಲಿಗೆ ಕಳಿಸುತ್ತಿದ್ದ.

ನಾನೊಂದು ಉಪಾಯ ಹೂಡಿದೆ. ಮೊಬೈಲಿನಲ್ಲಿ ಆಟೋ ಬುಕ್ ಮಾಡಿ, ಹಿಂದಿನ ಅಡ್ಡರಸ್ತೆಯಿಂದ ಬರುವಂತೆ ಡ್ರೈವರಿಗೆ ಹೇಳಿದೆ. ಅಪ್ಪ ಅರೆಮನಸ್ಸಿನಿಂದ ಒಪ್ಪಿ, ಇಸ್ತ್ರಿ ಮಾಡಿದ ಶರ್ಟು ಹಾಕಿಸಿಕೊಂಡು ಬಾಗಿಲ ಬಳಿ ಕುರ್ಚಿಯಲ್ಲಿ ಕೂತ. ಆ ಡ್ರೈವರು ಏರಿಯಾಗೆ ಹೊಸಬ. ದಾರಿ ತಪ್ಪಿ, ನಮ್ಮ ಸ್ಟ್ಯಾಂಡಿಗೇ ಹೋಗಿ ಅಡ್ರೆಸ್ ಕೇಳಿದ್ದಾನೆ!

ಸ್ವಲ್ಪ ಹೊತ್ತಿಗೆ ಮನೆ ಮುಂದೆ ಆಟೋಗಳ ಸಾಲು. ಮೊದಲು ಬಂದು ನಿಂತದ್ದು ಅಪ್ಪನದೇ ಗಾಡಿ. ಅವನ ಕೈಯಲ್ಲಿ ಡ್ರೈವಿಂಗ್ ಕಲಿತವನೊಬ್ಬ ಈಗ ಅದನ್ನು ಓಡಿಸುತ್ತಿದ್ದ. ಇಳಿದವನೇ ನನ್ನ ಮೇಲೆ ಎಗರಿದ.

"ಏನಕ್ಕಾ ಇದು? ಸ್ಟ್ಯಾಂಡಲ್ಲಿ ಇಷ್ಟು ಗಾಡಿ ನಿಂತವೆ, ನಮ್ಮಣ್ಣನ್ನ ಮೊಬೈಲ್ ಗಾಡೀಲಿ ಕಳಿಸ್ತೀರಾ? ಓದಿರೋರು ಮಾಡೋ ಕೆಲಸನಾ ಇದು?"

ಹೊಸ ಡ್ರೈವರು ನನಗೆ ಕೈ ಮುಗಿದ. "ಮೇಡಂ, ಕ್ಯಾನ್ಸಲ್ ಮಾಡ್ಬಿಡಿ. ಇವ್ರು ನನ್ನನ್ನ ಇಲ್ಲಿಂದ ಬಿಡೋ ಥರ ಕಾಣಲ್ಲ."

ಅಪ್ಪ ತಲೆ ತಗ್ಗಿಸಿ ಕೂತಿದ್ದ. ಈಗೇನಾದರೂ ಒಳಗೆ ಕರೆದುಕೊಂಡು ಹೋಗು ಎಂದರೆ, ಮತ್ತೆ ಆ ಬಾಗಿಲಿಗೂ ಬರುವುದಿಲ್ಲ ಎಂದು ಹೆದರಿದೆ. ಬಂದವರಲ್ಲಿ ಒಬ್ಬರೂ ಅಯ್ಯೋ ಪಾಪ ಅನ್ನಲಿಲ್ಲ. ಸ್ಟ್ಯಾಂಡಿನ ಬಿಳಿ ಮೀಸೆಯ ಹಿರಿಯರು ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟರು.

"ಏನಲೋ, ಮಹಾರಾಜನ ಥರ ಮಗಳ ಕೈಲಿ ಸೇವೆ ಮಾಡಿಸ್ಕೊಂಡು ಕೂತಿದೀಯ! ಅಲ್ಲಿ ಸ್ಟ್ಯಾಂಡಲ್ಲಿ ಜಗಳ ಬಿಡಿಸೋಕೆ ಒಬ್ನೂ ದಿಕ್ಕಿಲ್ಲ."

ಅಪ್ಪ ನಿಧಾನವಾಗಿ ತಲೆ ಎತ್ತಿದ. ಕಣ್ಣು ಹೋದದ್ದು ನೇರ ತನ್ನ ಗಾಡಿಯ ಮೇಲೆ.

"ಮುಂದಿನ ಚಕ್ರದಲ್ಲಿ ಗಾಳಿನೇ ಇಲ್ವಲ್ಲೋ. ಹಿಂಗೇನೋ ನಾನು ನಿಂಗೆ ಹೇಳ್ಕೊಟ್ಟಿದ್ದು?"

"ನೀನು ಹತ್ತಿ ಕೂತ್ಕೊಳಣ್ಣ, ದಾರೀಲಿ ಹಾಕಿಸ್ತೀನಿ."

ಇಬ್ಬರು ಭುಜ ಹಿಡಿದರು. ನಾನು ಎಡಗಾಲು ಎತ್ತಿಟ್ಟೆ. ತನ್ನ ಕೂಲಿಂಗ್ ಗ್ಲಾಸ್ ತೆಗೆದು ಅಪ್ಪನ ಕಣ್ಣಿಗೆ ಹಾಕಿದವನು ಆ ಹೊಸ ಡ್ರೈವರೇ ಇರಬೇಕು, ಆ ಗಲಾಟೆಯಲ್ಲಿ ನೆನಪಿಲ್ಲ. ಹೀಗೆ ಜೀವಮಾನವೆಲ್ಲ ಮುಂದೆ ಕೂತವನು ಅವತ್ತು ತನ್ನದೇ ಗಾಡಿಯ ಹಿಂದಿನ ಸೀಟಿಗೆ ಬಂದ. ಸಾರಕ್ಕಿ ಸಿಗ್ನಲ್ ಹತ್ತಿರ ಗಾಡಿ ಗುಂಡಿಗೆ ಇಳಿದು ಎದ್ದಿತು.

"ಅಬ್ಬಾ! ಈ ಸೀಟು ಇಷ್ಟು ಗಟ್ಟಿನಾ? ಇಷ್ಟು ವರ್ಷ ಒಬ್ಬ ಪ್ಯಾಸೆಂಜರ್ರೂ ಹೇಳ್ಲಿಲ್ವಲ್ಲೋ!"

"ಹೇಳಿದ್ರೆ ನೀನು ಅಲ್ಲೇ ಇಳಿಸಿಬಿಡ್ತಿದ್ದೆ ಬಿಡಣ್ಣ."

ಪಕ್ಕದ ಬೈಕಿನವರು ತಿರುಗಿ ನೋಡುವಷ್ಟು ನಕ್ಕೆವು ಮೂವರೂ.

ಸೆಂಟರಿನಲ್ಲಿ ಫಿಸಿಯೋಥೆರಪಿಯ ಹುಡುಗಿ ಅಪ್ಪನನ್ನು ಎರಡು ಕಂಬಿಗಳ ನಡುವೆ ನಿಲ್ಲಿಸಿದಳು. ಬಿದ್ದರೆ ಹಿಡಿಯಲೆಂದು ನಾನು ಹಿಂದೆಯೇ ಕೈಚಾಚಿ ನಿಂತೆ. ಅಪ್ಪ ಕತ್ತು ತಿರುಗಿಸಿ ಗದರಿದ. "ನೀನ್ಯಾಕೆ ಇಲ್ಲಿ? ಇವ್ರು ಹಿಡ್ಕೊಂಡವ್ರೆ. ಹೋಗು, ಏನಾದ್ರೂ ತಿನ್ಕೊಂಡು ಬಾ."

ಎದುರಿನ ದರ್ಶಿನಿಯಲ್ಲಿ ಬೆಣ್ಣೆ ಹಾಕಿಸಿ ಮಸಾಲೆ ದೋಸೆ ತಿಂದೆ. ನಿಂತುಕೊಂಡೇ ಕಾಫಿ ಕುಡಿದೆ. ಒಬ್ಬರೂ ನನ್ನನ್ನು ಕೂಗಲಿಲ್ಲ. ಸುತ್ತ ಬರೀ ಲೋಟದ ಸದ್ದು, ಯಾರದೋ ಮಾತು, ಬಿಸಿಲು. ಮೈ ಹಗುರಾಗಿ, ಸುಮ್ಮನೆ ನಗು ಬರುತ್ತಿತ್ತು.

ವಾಪಸ್ ಬಂದಾಗ ಅಪ್ಪ ಕಂಬಿ ಹಿಡಿದು, ಹಲ್ಲು ಕಚ್ಚಿ, ಎಡಗಾಲನ್ನು ತಾನೇ ಮುಂದಿಡುತ್ತಿದ್ದ. ನನ್ನನ್ನು ಕಂಡು, "ಇಷ್ಟು ಬೇಗ ಯಾಕಮ್ಮ ಬಂದೆ?" ಅಂದ.

ನಾನು ಇನ್ನೊಂದು ಕಾಫಿ ಕುಡಿಯಲು ಹೋದೆ.